ಗಣಕದ ದಫ್ತರಕ್ಕೆ ಶಿಸ್ತು ಕಲಿಸಿದ ಎಡ್ಗರ್ ಕಾಡ್



ನಿಮ್ಮ ತಾಯಿತಂದೆಗಳಂತೆ ನಾವೂ ಹೊಟ್ಟೆಪಾಡಿಗಾಗಿ ಈ ಶಿರೂರಿಗೆ ಬಂದವರು. ಇಂಥ ಕುಟುಂಬಗಳು ಮೇಲಿಂದ ಮೇಲೆ ಮನೆ ಬದಲಾಯಿಸುವುದುಂಟು. ಒಮ್ಮೆ ಬಾಲಕನೊಬ್ಬನ ಹೊಸ ವಿಳಾಸವನ್ನು ನಾವು ಹಾಜರಿ ಪುಸ್ತಕದಲ್ಲಿ ತಿದ್ದಿದೆವು. ವಿದ್ಯಾರ್ಥಿವೇತನದ ಯಾದಿಯಲ್ಲಿ ತಿದ್ದಲು ಮರೆತೆವು. ಪತ್ರವು ಹಳೆಯ ಮನೆಗೆ ಹೋಯಿತು, ಅವಧಿ ಮೀರಿತು, ಆ ವರ್ಷದ ವೇತನ ಅವನಿಗೆ ದೊರೆಯಲಿಲ್ಲ. ಒಂದೇ ಸಂಗತಿಯನ್ನು ಹಲವು ಕಡೆ ಬರೆದಿಡುವುದರಿಂದ ಒದಗುವ ಈ ಕೇಡು ಗಣಕಯಂತ್ರಗಳನ್ನೂ ಕಾಡುತ್ತಿತ್ತು. ಅದಕ್ಕೆ ಮದ್ದು ತೋರಿದ ಗಣಿತಜ್ಞರೊಬ್ಬರ ಜೀವನವನ್ನು ಇಲ್ಲಿ ಸಂಕ್ಷೇಪವಾಗಿ ನಿರೂಪಿಸುತ್ತೇವೆ.

ಎಡ್ಗರ್ ಫ್ರಾಂಕ್ ಕಾಡ್ ಅವರು 1923ರ ಆಗಸ್ಟ್ 19ರಂದು ಇಂಗ್ಲೆಂಡಿನ ದಕ್ಷಿಣ ತೀರದ ಪೋರ್ಟ್‌ಲ್ಯಾಂಡ್‌ನಲ್ಲಿ ಜನಿಸಿದರು. ತಂದೆ ಚರ್ಮೋದ್ಯಮಿ, ತಾಯಿ ಶಾಲಾ ಶಿಕ್ಷಕಿ. ಏಳು ಮಕ್ಕಳಲ್ಲಿ ಇವರೇ ಕಿರಿಯರು. ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದವರು ಎರಡನೆಯ ಮಹಾಯುದ್ಧದಲ್ಲಿ ವಾಯುಪಡೆ ಸೇರಿ ವಿಮಾನ ನಡೆಸಿದರು. 1948ರಲ್ಲಿ ಗಣಿತದ ಪದವಿ ಪಡೆದು ಅಮೆರಿಕೆಗೆ ತೆರಳಿ, ಐ.ಬಿ.ಎಂ. ಕಂಪನಿಯಲ್ಲಿ ಕೆಲಸಕ್ಕೆ ನಿಂತರು. ನಡುವಯಸ್ಸಿನಲ್ಲಿಯೂ ವ್ಯಾಸಂಗವನ್ನು ಬಿಡದೆ 1965ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪದವಿಯನ್ನು ಸಂಪಾದಿಸಿದರು.

ಆ ಕಾಲದಲ್ಲಿ ಗಣಕದೊಳಗಿನ ಮಾಹಿತಿಯನ್ನು ಮರದ ಕೊಂಬೆ ರೆಂಬೆಗಳಂತೆ ಒಂದಕ್ಕೊಂದು ಕೂಡಿಸಿಡುತ್ತಿದ್ದರು. ಯಾವ ದಾಖಲೆಯಿಂದ ಯಾವುದಕ್ಕೆ ಸಾಗಬೇಕೆಂಬ ದಾರಿಯನ್ನು ಪ್ರೋಗ್ರಾಮಿನಲ್ಲಿಯೇ ಬರೆಯಬೇಕಾಗಿತ್ತು. ಇಟ್ಟ ಕ್ರಮ ಬದಲಾದರೆ ಪ್ರೋಗ್ರಾಮನ್ನೂ ತಿದ್ದಬೇಕು. ಕಚೇರಿಯ ಕಪಾಟನ್ನು ಸರಿಸಿದ ಮಾತ್ರಕ್ಕೆ ಗುಮಾಸ್ತನು ತನ್ನ ಕೆಲಸವನ್ನೇ ಹೊಸದಾಗಿ ಕಲಿಯಬೇಕಾದಂತೆ!

1970ರಲ್ಲಿ ಕಾಡ್ ಅವರು ಪ್ರಕಟಿಸಿದ ಪ್ರಬಂಧವು ಈ ತೊಡಕನ್ನು ಬಿಡಿಸಿತು. ಮಾಹಿತಿಯೆಲ್ಲವೂ ಅಡ್ಡಸಾಲು, ಕಂಬಸಾಲುಗಳ ಸರಳ ಕೋಷ್ಟಕಗಳಾಗಿ ತೋರಬೇಕು. ಬೇಕಾದುದೇನೆಂಬುದನ್ನು ಪ್ರೋಗ್ರಾಮು ಕೇಳಬೇಕು. ಅದು ಎಲ್ಲಿದೆಯೆಂದು ಹುಡುಕುವ ಹೊಣೆ ಯಂತ್ರದ್ದು. ನಮ್ಮ ಶಾಲೆಯ ದೃಷ್ಟಾಂತವನ್ನೇ ತೆಗೆದುಕೊಳ್ಳಿರಿ. ವಿದ್ಯಾರ್ಥಿಯ ವಿಳಾಸವು ಒಂದೇ ಕೋಷ್ಟಕದಲ್ಲಿರುತ್ತದೆ. ಹಾಜರಿ, ವೇತನಗಳ ಕೋಷ್ಟಕಗಳಲ್ಲಿ ಅವನ ದಾಖಲೆ ಸಂಖ್ಯೆಯಿದ್ದರೆ ಸಾಕು.

ಆದರೆ ಅವರ ಕಂಪನಿಯೇ ಇದನ್ನು ಒಡನೆ ಕೈಗೊಳ್ಳಲಿಲ್ಲ. ಹಳೆಯ ಪದ್ಧತಿಯಲ್ಲಿ ಅದರ ಬಂಡವಾಳ ತೊಡಗಿತ್ತು. ಕಾಡ್ ಅವರು ಧೃತಿಗೆಡದೆ ತಮ್ಮ ಪಕ್ಷವನ್ನು ಸಾಧಿಸುತ್ತಲೇ ಇದ್ದರು. ಅದೇ ಕಂಪನಿಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬವರು ಅವರ ತತ್ತ್ವವನ್ನು ಆಧರಿಸಿ ರಚಿಸಿ 1974ರಲ್ಲಿ ಪ್ರಕಟಿಸಿದ ಭಾಷೆಯೇ ಮುಂದೆ ಎಸ್.ಕ್ಯೂ.ಎಲ್. ಎನಿಸಿತು. 1979ರಲ್ಲಿ ಅದನ್ನು ಐ.ಬಿ.ಎಂ.ಗಿಂತ ಮೊದಲೇ ಮಾರುಕಟ್ಟೆಗೆ ತಂದುದು, ಇಂದು ಒರಾಕಲ್ ಎಂದು ಹೆಸರಾದ ಕಂಪನಿ. 1981ರಲ್ಲಿ ಕಾಡ್ ಅವರಿಗೆ ಗಣಕ ವಿಜ್ಞಾನದ ಶ್ರೇಷ್ಠ ಗೌರವವಾದ ಟ್ಯೂರಿಂಗ್ ಪ್ರಶಸ್ತಿ ಸಂದಿತು. 2003ರ ಏಪ್ರಿಲ್ 18ರಂದು ಅಮೆರಿಕೆಯ ಫ್ಲಾರಿಡಾದಲ್ಲಿ ಅವರು ಕಾಲವಾದರು.

ಇಂದು ಕೋಷ್ಟಕವಲ್ಲದ ಸಂಗ್ರಹ ವಿಧಾನಗಳೂ ಬಳಕೆಯಲ್ಲಿವೆ. ಕೆಲಸಕ್ಕೆ ತಕ್ಕುದನ್ನು ಆರಿಸಿಕೊಳ್ಳಬೇಕು. ಮುಂದೆ ನಿಮ್ಮಲ್ಲಿ ಯಾರಾದರೂ ಪ್ರೋಗ್ರಾಮು ಬರೆಯಲು ಕುಳಿತು ಈ ಆಯ್ಕೆಯನ್ನು ಮಾಡುವಾಗ ನಮ್ಮ ಆ ಬಾಲಕನನ್ನು ನೆನೆಯಿರಿ. ಅವನ ವಿಳಾಸವನ್ನು ಒಂದು ಕಡೆ ತಿದ್ದಿದರೆ ಎಲ್ಲ ಕಡೆಯೂ ತಿದ್ದಿದಂತಾಗಬೇಕು.