ಯಂತ್ರವಿದುಷಿ ಬಿಯಾಟ್ರಿಸ್ ಶಿಲ್ಲಿಂಗ್

ಇಂಗ್ಲೆಂಡಿನ ಹ್ಯಾಂಪ್‌ಷೈರ್ ಪ್ರಾಂತಕ್ಕೆ ಸೇರಿದ ವಾಟರ್‌ಲೂವಿಲ್ ಎಂಬ ಊರಿನಲ್ಲಿ ೧೯೦೯ನೆಯ ಇಸವಿ ಮಾರ್ಚ್ ೮ರಂದು ಬಿಯಾಟ್ರಿಸ್ ಶಿಲ್ಲಿಂಗ್ ಜನಿಸಿದಳು. ಆಕೆಯ ತಂದೆ ಮಾಂಸದ ವ್ಯಾಪಾರಿ. ಓರಗೆಯ ಹೆಣ್ಣುಮಕ್ಕಳು ಹೊಲಿಗೆ ಕಸೂತಿಗಳನ್ನು ಕಲಿಯುವ ವಯಸ್ಸಿನಲ್ಲಿ, ಎಂದರೆ ತನ್ನ ಹದಿನಾಲ್ಕನೆಯ ವರ್ಷದಲ್ಲಿ, ಆಕೆ ಒಂದು ಮೋಟಾರು ಸೈಕಲ್ಲನ್ನು ಕೊಂಡುಕೊಂಡಳು. ಅದನ್ನು ಓಡಿಸುವುದಷ್ಟರಿಂದಲೇ ಆಕೆಗೆ ತೃಪ್ತಿಯಾಗಲಿಲ್ಲ. ಬಿಚ್ಚಿ ಜೋಡಿಸಿ ಅದರ ಒಳಗನ್ನೆಲ್ಲ ತಿಳಿದುಕೊಂಡಳು.

ಶಾಲೆಯನ್ನು ಮುಗಿಸಿದ ಮೇಲೆ ಆಕೆ ಮಾರ್ಗರೆಟ್ ಪಾರ್ಟ್ರಿಜ್ ಎಂಬ ಮಹಿಳಾ ಎಂಜಿನಿಯರಳ ಕೈಕೆಳಗೆ ಕೆಲಸಕ್ಕೆ ಸೇರಿ, ವಿದ್ಯುತ್ ತಂತಿಗಳನ್ನು ಎಳೆಯುವುದನ್ನೂ ಜನರೇಟರುಗಳನ್ನು ಸ್ಥಾಪಿಸುವುದನ್ನೂ ಕಲಿತಳು. ಹುಡುಗಿಯ ಬುದ್ಧಿಯನ್ನು ಗುರುತಿಸಿದ ಆ ತಾಯಿಯೇ ಆಕೆಯನ್ನು ವಿಶ್ವವಿದ್ಯಾನಿಲಯದ ಕಡೆಗೆ ತಿರುಗಿಸಿದಳು. ೧೯೩೨ರಲ್ಲಿ ಶಿಲ್ಲಿಂಗ್ ಮ್ಯಾಂಚೆಸ್ಟರಿನಲ್ಲಿ ವಿದ್ಯುತ್ ಎಂಜಿನಿಯರಿಂಗ್ ಪದವಿಯನ್ನು ಪಡೆದು, ಅನಂತರ ಯಂತ್ರಶಾಸ್ತ್ರದಲ್ಲಿ ಉನ್ನತ ಪದವಿಯನ್ನೂ ಸಂಪಾದಿಸಿದಳು. ಬ್ರೂಕ್‌ಲ್ಯಾಂಡ್ಸ್ ಪಂದ್ಯದ ಮೈದಾನದಲ್ಲಿ ಗಂಟೆಗೆ ೧೦೦ ಮೈಲಿಗೂ ಮೀರಿದ ವೇಗದಿಂದ ಮೋಟಾರು ಸೈಕಲ್ಲನ್ನು ಓಡಿಸಿ ಚಿನ್ನದ ನಕ್ಷತ್ರವನ್ನು ಗೆದ್ದುಕೊಂಡದ್ದೂ ಆ ದಶಕದಲ್ಲಿಯೇ. ೧೯೩೬ರಲ್ಲಿ ಫಾರ್ನ್‌ಬರೋದಲ್ಲಿದ್ದ ರಾಜ್ಯದ ವಿಮಾನ ಸಂಶೋಧನಾಲಯವನ್ನು ಸೇರಿದ ಆಕೆ ಕ್ರಮೇಣ ಕಾರ್ಬ್ಯುರೇಟರುಗಳ ವಿಷಯದಲ್ಲಿ ನಿಷ್ಣಾತಳಾದಳು.

ಈ ಕಾರ್ಬ್ಯುರೇಟರ್ ಎಂದರೇನು? ಪೆಟ್ರೋಲನ್ನು ತಕ್ಕ ಪ್ರಮಾಣದಲ್ಲಿ ಗಾಳಿಯೊಡನೆ ಬೆರೆಸಿ ಎಂಜಿನ್ನಿಗೆ ಉಣಿಸುವ ಉಪಕರಣ. ನಮ್ಮ ನಗರದ ಕಟ್ಟಡಗಳ ಮೇಲಿನ ನೀರಿನ ತೊಟ್ಟಿಯಲ್ಲಿ ಒಂದು ಟೊಳ್ಳು ಗುಂಡು ತೇಲುತ್ತಿರುವುದನ್ನು ನೀವು ನೋಡಿರಬಹುದು. ನೀರು ಏರಿದಂತೆ ಗುಂಡೂ ಏರಿ ನಲ್ಲಿಯನ್ನು ಮುಚ್ಚುತ್ತದೆ, ಇಳಿದಂತೆ ತೆರೆಯುತ್ತದೆ. ಕಾರ್ಬ್ಯುರೇಟರಿನ ಪುಟ್ಟ ಕೋಣೆಯಲ್ಲಿಯೂ ಇಂಥದೇ ಏರ್ಪಾಡು. ಅಲ್ಲಿ ತೇಲುವ ಗುಂಡು ಸೂಜಿಯಂಥ ಕವಾಟವನ್ನು ನಡೆಸುತ್ತದೆ. ಪೆಟ್ರೋಲಿನ ಮಟ್ಟವು ಅದು ಚಿಮ್ಮುವ ನಳಿಗೆಯ ಬಾಯಿಗಿಂತ ತುಸುವೇ ಕೆಳಗಿರಬೇಕು. ಮಟ್ಟ ಹೆಚ್ಚಾದರೆ ಎಂಜಿನ್ನಿಗೆ ಪೆಟ್ರೋಲು ಅತಿಯಾಗುತ್ತದೆ, ಕಡಿಮೆಯಾದರೆ ಸಾಲದಾಗುತ್ತದೆ. ಆದ್ದರಿಂದಲೇ ಸಣ್ಣ ವಿಮಾನಗಳ ಇಂಥ ಕಾರ್ಬ್ಯುರೇಟರನ್ನು ದುರಸ್ತಿ ಮಾಡುವವರು ಇಂದಿಗೂ ಆ ಗುಂಡಿನ ಎತ್ತರವನ್ನು ಅಳೆದೇ ಜೋಡಿಸುತ್ತಾರೆ.

೧೯೪೦ರಲ್ಲಿ ಜರ್ಮನಿಯ ವಿಮಾನಗಳು ಇಂಗ್ಲೆಂಡಿನ ಮೇಲೆ ಎರಗಿದವು. ಅವುಗಳನ್ನು ಎದುರಿಸಿದ ಸ್ಪಿಟ್‌ಫೈರ್ ಮತ್ತು ಹರಿಕೇನ್ ವಿಮಾನಗಳಲ್ಲಿದ್ದುದು ರೋಲ್ಸ್ ರಾಯ್ಸ್ ಸಂಸ್ಥೆಯ ಮರ್ಲಿನ್ ಎಂಜಿನ್. ಎಂಜಿನ್ ಬಲಿಷ್ಠವಾದುದೇ, ಆದರೆ ಅದರ ಕಾರ್ಬ್ಯುರೇಟರಿನಲ್ಲಿ ಒಂದು ದೋಷವಿತ್ತು. ಬಸ್ಸು ದಿಬ್ಬವನ್ನು ರಭಸದಿಂದ ದಾಟಿದಾಗ ನಮ್ಮ ಮೈ ಆಸನದಿಂದ ಮೇಲಕ್ಕೆ ಹಾರುತ್ತದೆಯಷ್ಟೆ. ಹಾಗೆಯೇ ವಿಮಾನವು ಥಟ್ಟನೆ ಮೂಗನ್ನು ಬಗ್ಗಿಸಿ ಕೆಳಗೆ ಧುಮುಕಿದಾಗ ಕೋಣೆಯಲ್ಲಿದ್ದ ಪೆಟ್ರೋಲೂ ಮೇಲ್ಛಾವಣಿಗೆ ಹಾರುತ್ತಿತ್ತು. ಕೂಡಲೇ ಎಂಜಿನ್ ಆಹಾರವಿಲ್ಲದೆ ತಡವರಿಸುತ್ತಿತ್ತು. ಮರುಕ್ಷಣದಲ್ಲಿ ಗುಂಡು ತಳಕ್ಕಿಳಿದು ಕವಾಟವು ಪೂರ್ಣ ತೆರೆದುಕೊಳ್ಳುತ್ತಿತ್ತು. ಪಂಪು ಪೆಟ್ರೋಲನ್ನು ಒಂದೇ ಸಮನೆ ನುಗ್ಗಿಸಿ ಎಂಜಿನ್ನಿನ ಉಸಿರು ಕಟ್ಟಿಸುತ್ತಿತ್ತು. ಶತ್ರುವಿನ ಮೆಸ್ಸರ್‌ಸ್ಮಿಟ್ ವಿಮಾನಗಳಲ್ಲಿ ಪೆಟ್ರೋಲನ್ನು ನೇರವಾಗಿ ಸಿಲಿಂಡರಿನೊಳಕ್ಕೆ ಚಿಮ್ಮಿಸುವ ಏರ್ಪಾಡಿದ್ದುದರಿಂದ ಅವಕ್ಕೆ ಈ ತೊಡಕಿರಲಿಲ್ಲ. ಅವು ಧುಮುಕಿ ತಪ್ಪಿಸಿಕೊಳ್ಳುತ್ತಿದ್ದವು. ಬ್ರಿಟಿಷ್ ವೈಮಾನಿಕನು ಮಾತ್ರ ಮೊದಲು ವಿಮಾನವನ್ನು ಮಗುಚಿಕೊಂಡು ಅನಂತರ ಧುಮುಕಬೇಕಾಗಿತ್ತು. ಅಷ್ಟರಲ್ಲಿ ಕಳೆದುಹೋಗುವ ಕ್ಷಣಗಳಲ್ಲಿ ಬೆನ್ನಟ್ಟಿದ ಶತ್ರು ಕೈತಪ್ಪುತ್ತಿದ್ದನು. ಬೆನ್ನಿಗೆ ಬಿದ್ದ ಶತ್ರುವಿನಿಂದಾದರೋ ಪ್ರಾಣಕ್ಕೇ ಸಂಚಕಾರವೊದಗುತ್ತಿತ್ತು.

ಹೊಸ ಕಾರ್ಬ್ಯುರೇಟರನ್ನು ನಿರ್ಮಿಸಿ ಎಲ್ಲ ವಿಮಾನಗಳಿಗೂ ಅಳವಡಿಸುವಷ್ಟು ಕಾಲ ಕಾಯುವಂತಿರಲಿಲ್ಲ. ಶಿಲ್ಲಿಂಗ್ ಕಂಡುಹಿಡಿದ ಉಪಾಯವು ಆಶ್ಚರ್ಯವಾಗುವಷ್ಟು ಸರಳವಾದುದು. ಎಂಜಿನ್ ತನ್ನ ಪೂರ್ಣ ಶಕ್ತಿಯಿಂದ ಓಡುವಾಗ ಅದಕ್ಕೆ ಎಷ್ಟು ಪೆಟ್ರೋಲು ಬೇಕೋ ಅಷ್ಟೇ ಹರಿಯುವಂತೆ, ಅದಕ್ಕಿಂತ ಹೆಚ್ಚು ನುಗ್ಗದಂತೆ, ಲೆಕ್ಕ ಹಾಕಿ ರಂಧ್ರ ಕೊರೆದ ಒಂದು ಸಣ್ಣ ಲೋಹದ ತುಂಡನ್ನು ಆಕೆ ಪೆಟ್ರೋಲಿನ ದಾರಿಯಲ್ಲಿ ಇರಿಸಿದಳು. ಮೊದಲು ಅಂಗುಸ್ತಾನದ ಆಕಾರದಲ್ಲಿದ್ದ ಅದು ಆಮೇಲೆ ಚಪ್ಪಟೆಯಾದ ವಾಷರಿನಂತಾಯಿತು. ವಿಮಾನವನ್ನು ಸೇವೆಯಿಂದ ಹಿಂದೆಗೆಯದೆಯೇ ಅದನ್ನು ಜೋಡಿಸಬಹುದಾಗಿತ್ತು. ಆಕೆ ಸಂಶೋಧನಾಲಯದಲ್ಲಿಯೇ ಕುಳಿತಿರಲಿಲ್ಲ. ತನ್ನ ಮೋಟಾರು ಸೈಕಲ್ಲನ್ನೇರಿ, ಒಂದು ಸಣ್ಣ ತಂಡದೊಡನೆ ವಿಮಾನ ನಿಲ್ದಾಣಗಳನ್ನು ಸುತ್ತಿ, ಅದನ್ನು ಅಳವಡಿಸುವ ಕಾರ್ಯವನ್ನು ನಡೆಸಿದಳು. ೧೯೪೧ರ ಮಾರ್ಚ್ ವೇಳೆಗೆ ಬ್ರಿಟನ್ನಿನ ಕಾದಾಳಿ ವಿಮಾನದಳದಲ್ಲೆಲ್ಲ ಆ ಬಿಲ್ಲೆ ಬಳಕೆಗೆ ಬಂದಿತ್ತು. ವಿಮಾನವನ್ನು ಬಹುಕಾಲ ತಲೆಕೆಳಗಾಗಿ ಹಾರಿಸಲು ಅದರಿಂದ ಸಾಧ್ಯವಿರಲಿಲ್ಲವೆಂಬುದು ನಿಜ. ಆದರೆ ಧುಮುಕುವ ಆ ಗಂಡಾಂತರದ ಕ್ಷಣವನ್ನು ಅದು ದಾಟಿಸಿತು. ಸಂಪೂರ್ಣ ಪರಿಹಾರವಾದ ಹೊಸ ಬಗೆಯ ಕಾರ್ಬ್ಯುರೇಟರ್ ಬಂದದ್ದು ೧೯೪೩ರಲ್ಲಿ.

೧೯೪೮ರಲ್ಲಿ ಸರ್ಕಾರವು ಆಕೆಗೆ ಓ.ಬಿ.ಇ. ಪ್ರಶಸ್ತಿಯನ್ನಿತ್ತು ಗೌರವಿಸಿತು. ಯುದ್ಧಾನಂತರ ಆಕೆ ಕ್ಷಿಪಣಿಗಳ ವಿಷಯದಲ್ಲಿಯೂ, ಒದ್ದೆಯಾದ ಓಡುದಾರಿಯಲ್ಲಿ ವಿಮಾನಗಳನ್ನು ತಡೆದು ನಿಲ್ಲಿಸುವ ವಿಷಯದಲ್ಲಿಯೂ ಸಂಶೋಧನೆ ನಡೆಸಿ, ೧೯೬೯ರಲ್ಲಿ ನಿವೃತ್ತಳಾದಳು. ೧೯೯೦ರ ನವೆಂಬರಿನಲ್ಲಿ ಆಕೆಯ ಜೀವನ ಮುಗಿಯಿತು.

ವಿದ್ಯಾರ್ಥಿಗಳೇ, ನಲ್ಲಿಯಿಂದ ನೀರು ಇಷ್ಟು ಬಂದರೆ, ರಂಧ್ರದಿಂದ ಇಷ್ಟು ಹೋದರೆ, ತೊಟ್ಟಿಯು ಎಷ್ಟು ಹೊತ್ತಿಗೆ ತುಂಬೀತು ಎಂಬ ಲೆಕ್ಕವನ್ನು ನಾವು ತರಗತಿಯಲ್ಲಿ ಕೊಟ್ಟಾಗ, ಇದರಿಂದ ಏನು ಪ್ರಯೋಜನವೆಂದು ನಿಮ್ಮಲ್ಲಿ ಕೆಲವರು ಮುಖ ಸಿಂಡರಿಸುವುದುಂಟು. ಶಿಲ್ಲಿಂಗ್ ಬಿಡಿಸಿದ್ದೂ ಬಹುಮಟ್ಟಿಗೆ ಅದೇ ಜಾತಿಯ ಲೆಕ್ಕವೇ. ರಂಧ್ರ ತುಸು ಹಿರಿದಾಗಿದ್ದರೆ ಬಿಲ್ಲೆ ನಿಷ್ಪ್ರಯೋಜಕ. ತುಸು ಕಿರಿದಾಗಿದ್ದರೆ ಎಂಜಿನ್ ಶಕ್ತಿಹೀನ. ಆಕೆಯ ಉತ್ತರ ಸರಿಯಾಗಿತ್ತು. ಆ ಸರಿಯುತ್ತರದ ಮೇಲೆ ಪ್ರಾಣವನ್ನಿಟ್ಟು ಆಕಾಶಕ್ಕೇರಿದ ತರುಣರಲ್ಲಿ ಅನೇಕರು ನಿಮಗಿಂತ ನಾಲ್ಕಾರು ವರ್ಷಗಳಷ್ಟೇ ಹಿರಿಯರಾಗಿದ್ದರು.