ಹುಕ್ಕೇರಿ ಕಂಬಕ್ಕೂ ಜಾನ್ಸನ್ ಸಾಹೇಬನಿಗೂ ಏನು ಸಂಬಂಧ?

ಸಂಕೇಶ್ವರದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತವರು ಹುಕ್ಕೇರಿ ತಾಲ್ಲೂಕಿನ ಲೈಟಿನ ಕಂಬ ನೋಡಿಯೇ ಇರ್ತೀರಿ. ಅಲ್ಲಿ ಮನೆಮನೆಗೆ ಕರೆಂಟು ಹಂಚಲೆಂದು 1969ರಲ್ಲಿ ಸಹಕಾರಿ ಸಂಘ ಹುಟ್ಟಿತು. ಅದರ ಬೇರು ಹುಡುಕಿಕೊಂಡು ಹೊರಟರೆ ಅಮೆರಿಕದ ಟೆಕ್ಸಾಸಿನ ಕಲ್ಲುಗುಡ್ಡದ ಸೀಮೆಗೆ, ಲಿಂಡನ್ ಜಾನ್ಸನ್ ಎಂಬ ಎತ್ತರದ ಆಸಾಮಿಯ ಬಾಗಿಲಿಗೆ ಹೋಗಿ ನಿಲ್ತೇವೆ!

ಹುಟ್ಟಿದ್ದು 1908ರಲ್ಲಿ. ಅಪ್ಪ ಶಾಸಕನಾದರೂ ಹೊಲ ಕಳಕೊಂಡು ಸಾಲದಲ್ಲಿ ಮುಳುಗಿದವ. ಬೆಳೆದ ಊರು ಜಾನ್ಸನ್ ಸಿಟಿ. ಸಿಟಿ ಅನ್ನೋದು ಹೆಸರಿಗೆ ಮಾತ್ರ. ಸುತ್ತಲ ಹಳ್ಳಿಗಳಲ್ಲಿ ಬಾವಿ ನೀರು ಸೇದಿ, ಸೌದೆ ಒಲೆ ಮೇಲೆ ಇಸ್ತ್ರಿ ಕಾಸಿ, ಚಿಮಣಿ ದೀಪದಲ್ಲಿ ಬಾಳುತ್ತಿದ್ದ ಹೆಂಗಸರ ಬೆನ್ನು ಹರೆಯದಲ್ಲೇ ಬಾಗುತ್ತಿತ್ತು. ಜಾನ್ಸನ್ 1928ರಲ್ಲಿ ಬಡ ಮೆಕ್ಸಿಕನ್ ಮಕ್ಕಳಿಗೆ ಮಾಸ್ತರನಾದ. 1937ರಲ್ಲಿ, 28ನೇ ವಯಸ್ಸಿಗೇ, ಅಲ್ಲಿನ ಪಾರ್ಲಿಮೆಂಟಿಗೆ ಆರಿಸಿ ಬಂದ.

ಖಾಸಗಿ ಕಂಪನಿಗಳು ಲಾಭವಿಲ್ಲವೆಂದು ಹಳ್ಳಿಗಳತ್ತ ತಿರುಗಿಯೂ ನೋಡಿರಲಿಲ್ಲ. ರೂಸ್ವೆಲ್ಟ್ ಸರ್ಕಾರ 1935ರಲ್ಲಿ ಗ್ರಾಮೀಣ ವಿದ್ಯುತ್ತಿಗೆ ಇಲಾಖೆ ತೆರೆದು ರೈತರ ಸಂಘಗಳಿಗೆ ಸಾಲ ಕೊಡತೊಡಗಿತು. ಆದರೆ ಕಾಗದದ ಮೇಲೊಂದು ರೂಲು: ಮೈಲಿಗೆ ಮೂರು ಮನೆ ಇರಲೇಬೇಕು. ಗುಡ್ಡದ ಸೀಮೆಯಲ್ಲಿ ಎರಡೂ ಇರಲಿಲ್ಲ. ಅಧಿಕಾರಿಗಳು ಕೈ ಎತ್ತಿದರು. ಜಾನ್ಸನ್ ನೇರ ರೂಸ್ವೆಲ್ಟರ ಕೋಣೆಗೇ ನುಗ್ಗಿದ. 1938ರ ಸೆಪ್ಟೆಂಬರಿನಲ್ಲಿ ಪೆಡರ್ನಾಲಿಸ್ ಸಂಘಕ್ಕೆ ಸಾಲ ಮಂಜೂರಾಯ್ತು: 1,830 ಮೈಲಿ ತಂತಿ, 2,892 ಮನೆ. ಲೆಕ್ಕ ಹಾಕಿ ನೋಡ್ರಿ!

ಇನ್ನು ರೈತರನ್ನು ಒಪ್ಪಿಸಬೇಕಲ್ಲ? ಐದು ಡಾಲರ್ ಠೇವಣಿ ಅವರಿಗೆ ಭಾರ. ಕಾಗದಕ್ಕೆ ಸಹಿ ಹಾಕಿದ್ರೆ ಹೊಲವೇ ಹೋದೀತು ಅನ್ನೋ ಹೆದರಿಕೆ ಬೇರೆ. ನಮ್ಮ ರೈತರೇನು ಬೇರೆಯೇ? ಊರೂರು ತಿರುಗಿ ಸದಸ್ಯರನ್ನು ಮಾಡಿಕೊಂಡ ಮೇಲೇ ಕಂಬ ನೆಟ್ಟದ್ದು. 1939ರ ನವೆಂಬರಿನಲ್ಲಿ ದೀಪ ಹತ್ತಿತು. ತನ್ನ ಜೀವನದಲ್ಲಿ ಇಷ್ಟು ತೃಪ್ತಿ ಕೊಟ್ಟ ಕೆಲಸ ಮತ್ತೊಂದಿಲ್ಲವೆಂದು ಆತ ಇಪ್ಪತ್ತು ವರ್ಷದ ನಂತರ ಬರೆದುಕೊಂಡ.

1963ರಲ್ಲಿ ಕೆನಡಿ ಕೊಲೆಯಾದಾಗ ಅಧ್ಯಕ್ಷನಾದ. ಕರಿಯರಿಗೆ ಸಮಾನ ಹಕ್ಕಿನ ಕಾನೂನು ತಂದವನೂ ಅವನೇ, ವಿಯೆಟ್ನಾಮಿನಲ್ಲಿ ಬಾಂಬು ಸುರಿಸಿದವನೂ ಅವನೇ. ನಮ್ಮ ಹಿರಿಯರಿಗೆ ಆ ಹೆಸರು ಕಹಿ. 1965-66ರ ಬರಗಾಲದಲ್ಲಿ ಗೋದಿಯನ್ನು ಹಡಗು ಹಡಗಾಗಿ ಎಣಿಸಿ, ಕಾಯಿಸಿ ಕಾಯಿಸಿ ಕೊಟ್ಟ. ವಿಯೆಟ್ನಾಂ ಬಗ್ಗೆ ನಾವು ತುಟಿ ಬಿಚ್ಚಿದ ಸಿಟ್ಟು ಅದರಲ್ಲಿತ್ತು. ಹಸಿದವರ ತಾಟಿನ ಮುಂದೆ ರಾಜಕೀಯ... ಅದನ್ನು ಮೆಚ್ಚಲಾಗದು.

ಆದರೆ ತಮಾಷೆ ಕೇಳಿ. ಪಿ.ಎಲ್. 480 ಗೋದಿಗೆ ನಾವು ರೂಪಾಯಿಯಲ್ಲಿ ಕೊಟ್ಟ ದುಡ್ಡು ಇಲ್ಲೇ ಉಳಿದಿತ್ತು. ಅದೇ ದುಡ್ಡು 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುದೀಕರಣ ನಿಗಮಕ್ಕೆ ಬಂಡವಾಳವಾಗಿ ಬಂತು. ಪೆಡರ್ನಾಲಿಸ್‌ನಂಥ ಸಂಘಗಳ ಅಮೆರಿಕನ್ ಒಕ್ಕೂಟದ ತಜ್ಞರೂ ಬಂದರು. ದೇಶದಲ್ಲಿ ಮೊದಲಿಗೆ ಐದೇ ಸಂಘ. ನಮ್ಮ ರಾಜ್ಯದ ಪಾಲಿಗೆ ಹುಕ್ಕೇರಿ ಒಂದೇ.

1973ರ ಜನವರಿ 22ರಂದು ಜಾನ್ಸನ್ ತನ್ನ ಹೊಲದ ಮನೆಯಲ್ಲೇ ತೀರಿಕೊಂಡ. ಅಷ್ಟರೊಳಗೆ ಹುಕ್ಕೇರಿಯಲ್ಲಿ ಸಂಘದ ಮೀಟರು ತಿರುಗತೊಡಗಿತ್ತು.