ಪರದೆಯ ಒಳಗೊಂದು ಸ್ಟುಡಿಯೊ

ಹೈದರಾಬಾದಿನಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಹಲವರಿಗೆ ಲಾಲಾ ದೀನ್ ದಯಾಳ್ ಹೆಸರು ಗೊತ್ತು. ಅರಮನೆ, ದರ್ಬಾರು, ಬೇಟೆಯ ಫೋಟೊಗಳಿಂದ ಹೆಸರಾದವರು. ಅಂತಃಪುರದ ತಾಯಂದಿರು, ಮಕ್ಕಳು ಕ್ಯಾಮೆರಾ ಮುಂದೆ ಕೂರಲು ದಾರಿ ಮಾಡಿಕೊಟ್ಟವರೂ ಅವರೇ.

ಮೀರತ್ ಬಳಿಯ ಸರ್ಧಾನಾದ ಜೈನ ಕುಟುಂಬದಲ್ಲಿ 1844ರಲ್ಲಿ ಹುಟ್ಟಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಓದಿ, ಇಂದೋರಿನಲ್ಲಿ ಲೋಕೋಪಯೋಗಿ ಇಲಾಖೆ ಸೇರಿದರು. 1870ರ ದಶಕದಲ್ಲಿ ಹವ್ಯಾಸಕ್ಕೆ ಹಿಡಿದ ಕ್ಯಾಮೆರಾವೇ ಮುಂದೆ ವೃತ್ತಿಯಾಯಿತು, ನೌಕರಿ ಬಿಟ್ಟರು. 1880ರ ದಶಕದಲ್ಲಿ ಸಿಕಂದರಾಬಾದಿನಲ್ಲಿ ಸ್ಟುಡಿಯೊ ತೆರೆದರು. ಕಲಬುರಗಿ, ಬೀದರ್, ರಾಯಚೂರುಗಳನ್ನೂ ಆಳುತ್ತಿದ್ದ ಆರನೇ ನಿಜಾಮ ಮೆಹಬೂಬ್ ಅಲಿ ಖಾನ್ ಅವರನ್ನು ಆಸ್ಥಾನದ ಛಾಯಾಗ್ರಾಹಕರನ್ನಾಗಿ ಮಾಡಿ, ಮುಸವ್ವಿರ್ ಜಂಗ್ ಎಂಬ ಬಿರುದು ಕೊಟ್ಟರು.

ಆದರೆ ಗೋಷಾ ಪದ್ಧತಿಯ ಮನೆಗಳ ಹೆಂಗಸರು ಪರಗಂಡಸಿನ ಮುಂದೆ ಬರುವಂತಿರಲಿಲ್ಲ. ಅದಕ್ಕೆ 1892ರಲ್ಲಿ ದೀನ್ ದಯಾಳ್ ಹೈದರಾಬಾದಿನಲ್ಲಿ ಜನಾನಾ ಸ್ಟುಡಿಯೊ ಆರಂಭಿಸಿದರು. ಸುತ್ತ ಎತ್ತರದ ಗೋಡೆ. ಒಳಗೆ ಫೋಟೊ ತೆಗೆಯುವವರೂ ಹೆಂಗಸರೇ. ಮಕ್ಕಳನ್ನೂ ಅಲ್ಲಿಗೆ ಕರೆತರುತ್ತಿದ್ದರು.

ಮಕ್ಕಳ ಫೋಟೊ ಆಗ ಸುಲಭದ ಮಾತಲ್ಲ. ಮೊದಲು ಗಾಜಿನ ಹಲಗೆಗೆ ರಾಸಾಯನಿಕ ಬಳಿದು, ಅದು ಹಸಿಯಾಗಿರುವಾಗಲೇ ಚಿತ್ರ ತೆಗೆದು ತೊಳೆಯಬೇಕಿತ್ತು. ಹಲವು ಸೆಕೆಂಡು ಅಲುಗಾಡದೆ ಕೂರಬೇಕು. ಮಗು ತಲೆ ತಿರುಗಿಸಿದರೆ ಮುಖವೇ ಮಸುಕು. ಮೊದಲೇ ಸಿದ್ಧಪಡಿಸಿದ ಒಣ ಪ್ಲೇಟುಗಳು ಬಂದ ಮೇಲೆ ಸಮಯ ತಗ್ಗಿತು. ಹಳೆಯ ಫೋಟೊಗಳಲ್ಲಿ ಮಕ್ಕಳು ಬಿಗಿದುಕೊಂಡು ಕುಳಿತಿರಲು ಇದೂ ಒಂದು ಕಾರಣ. ಎಷ್ಟೋ ಮಕ್ಕಳು ಎಳವೆಯಲ್ಲೇ ತೀರಿಹೋಗುತ್ತಿದ್ದ ಕಾಲ ಅದು. ಹೆತ್ತವರ ಕೈಯಲ್ಲಿ ಕೆಲವೊಮ್ಮೆ ಉಳಿಯುತ್ತಿದ್ದುದು ಆ ಒಂದು ಚಿತ್ರ ಮಾತ್ರ.

1896ರಲ್ಲಿ ಮುಂಬೈಯಲ್ಲೂ ಸ್ಟುಡಿಯೊ ತೆರೆದರು. ಮರುವರ್ಷ ವಿಕ್ಟೋರಿಯಾ ರಾಣಿಯ ಛಾಯಾಗ್ರಾಹಕರೆಂಬ ಮನ್ನಣೆ ಸಿಕ್ಕಿತು. 1904ರಲ್ಲಿ ಮಗ ಧರಮ್ ಚಂದ್ ತೀರಿಕೊಂಡರು. ಮರುವರ್ಷ ದೀನ್ ದಯಾಳ್ ಕೂಡ. ಎಷ್ಟೋ ಮಕ್ಕಳ ಮುಖವನ್ನು ಉಳಿಸಿಕೊಟ್ಟ ಮನುಷ್ಯನಿಗೆ ಕೊನೆಗಾಲದಲ್ಲಿ ಸ್ವಂತ ಮಗನ ಚಿತ್ರವನ್ನೇ ನೋಡುವಂತಾಯಿತು.

ಸ್ಟುಡಿಯೊದ ಎರಡೂವರೆ ಸಾವಿರಕ್ಕೂ ಹೆಚ್ಚು ಗಾಜಿನ ನೆಗೆಟಿವ್‌ಗಳು ಈಗ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ನಮ್ಮ ಊರಮನೆಗಳ ಟ್ರಂಕಿನಲ್ಲಿರುವ ಮಕ್ಕಳ ಫೋಟೊಗಳಿಗೆ ಅಂಥ ಕೇಂದ್ರವಿಲ್ಲ. ಈ ಸಲ ಊರಿಗೆ ಹೋದಾಗ, ಗುರುತು ಹಿಡಿಯುವ ಹಿರಿಯರು ಇರುವಾಗಲೇ, ಅವುಗಳ ಬೆನ್ನಿಗೆ ಹೆಸರು ಬರೆದಿಡೋಣ.